ಅವ್ವನಿಗೆ ಮುಟ್ಟಿಸದ ಮಾತು

ಲಂಡನ್ನಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ, ಸಾಲುಮನೆಗಳ ಹಿಂದಿನ ಓಣಿಯಲ್ಲಿ ಒಂದು ಗ್ಯಾರೇಜಿದೆ. ಅದರೊಳಗೆ ಯಾವತ್ತೂ ಕಾರು ನಿಂತದ್ದನ್ನು ನಾನು ನೋಡಿಲ್ಲ. ಒಂದು ಗೋಡೆಗೆ ತಾಮ್ರದ ತಗಡುಗಳು, ಇನ್ನೊಂದಕ್ಕೆ ಶಾಯಿ ಡಬ್ಬಿಗಳು, ನಡುವೆ ದೊಡ್ಡ ಚಕ್ರವಿರುವ ಹಳೆಯ ಅಚ್ಚಿನ ಯಂತ್ರ. ಎಂಬತ್ತು ದಾಟಿದ ಒಬ್ಬ ಫ್ರೆಂಚ್ ಕೆತ್ತನೆಗಾರರು ಅಲ್ಲಿ ಕೂತು ಕೆಲಸ ಮಾಡುತ್ತಿದ್ದರು, ಕಲಿಯಲು ಬಂದವರಿಗೆ ಕಲಿಸುತ್ತಿದ್ದರು. ಲೈಬ್ರರಿಯ ಬೋರ್ಡಿಗೆ ಅಂಟಿಸಿದ್ದ ಅವರ ಕೈಬರಹದ ಚೀಟಿ ನೋಡಿ ನಾನು ಮೊದಲ ಸಲ ಅಲ್ಲಿಗೆ ಹೋದಾಗ ನನಗೆ ನಲವತ್ತಾರು ವರ್ಷ. ‘ತಾಮ್ರದ ಮೇಲೆ ಕೆತ್ತನೆ. ಶನಿವಾರ ಬೆಳಿಗ್ಗೆ. ಅವಸರದವರು ಬರಬೇಡಿ’ ಎಂದು ಚೀಟಿಯಲ್ಲಿತ್ತು.

ನಾನು ಗದಗಿನಲ್ಲಿ ಓದುತ್ತಿದ್ದಾಗ ಚಿತ್ರಕಲಾ ಶಾಲೆಗೆ ಸೇರಬೇಕೆಂದು ಹಟ ಹಿಡಿದಿದ್ದೆ. ಅಪ್ಪ ಬಿ.ಕಾಂ.ಗೆ ಸೇರಿಸಿದರು. ಮದುವೆಯಾಯಿತು, ಲಂಡನ್ನಿಗೆ ಬಂದೆ, ಕೌನ್ಸಿಲ್ ಆಫೀಸಿನಲ್ಲಿ ಪಾರ್ಕಿಂಗ್ ಪರವಾನಗಿ ಕೊಡುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಚಿತ್ರದ ಆಸೆ ಎಲ್ಲೋ ತಳದಲ್ಲಿ ಉಳಿದುಕೊಂಡಿತ್ತು. ಹಾಗಾಗಿ ಮೊದಲ ಶನಿವಾರ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆಯೇ ಹೋಗಿ ಆ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದೆ.

ಮಾಸ್ತರು (ನಾನು ಮನಸ್ಸಿನಲ್ಲಿ ಅವರನ್ನು ಹಾಗೆಯೇ ಕರೆಯುತ್ತಿದ್ದೆ) ಮೊದಲ ಎಂಟು ತಿಂಗಳು ನನ್ನಿಂದ ಬರೀ ನೇರ ಗೆರೆ ಎಳೆಸಿದರು. ಮರಳು ತುಂಬಿದ ದುಂಡನೆಯ ಚರ್ಮದ ಚೀಲದ ಮೇಲೆ ತಗಡನ್ನು ಇಡಬೇಕು. ಚೂಪು ಮೊನೆಯ ಸಣ್ಣ ಉಳಿಯನ್ನು ಅಂಗೈಗೆ ಆನಿಸಿ ಮುಂದಕ್ಕೆ ತಳ್ಳಬೇಕು. ತಾಮ್ರದ ಎಳೆ ಸುರುಳಿಯಾಗಿ ಮೇಲೇಳುತ್ತದೆ. ಒಂದು ಗೆರೆ, ಅದರ ಪಕ್ಕ ಇನ್ನೊಂದು. ಜೊತೆಗೆ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಒಂದೇ ತಿಂಗಳಿಗೆ ಬಿಟ್ಟರು. ಡಿಸೈನ್ ಓದುವ ಹುಡುಗಿಯರು ಬಂದು ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಬಂದವರಲ್ಲಿ ಐದಾರು ಜನ ಆಗಾಗ ಮುಖ ತೋರಿಸುತ್ತಿದ್ದರು. ಒಂದು ಶನಿವಾರವೂ ತಪ್ಪಿಸದವಳು ನಾನೊಬ್ಬಳೇ. ಒಂಬತ್ತನೇ ತಿಂಗಳು ಅವರು ನನ್ನ ತಗಡನ್ನು ಬೆಳಕಿಗೆ ಹಿಡಿದು ‘ಪರವಾಗಿಲ್ಲ’ ಎಂದಾಗ ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದೆ.

ಅವರ ಬದುಕಿನ ಕಥೆ ನನಗೆ ಶನಿವಾರಕ್ಕೊಂದು ಚೂರಿನಂತೆ ಸಿಕ್ಕಿತು, ಚಹಾದ ಹೊತ್ತಿನಲ್ಲಿ. ಅವರು ಹುಟ್ಟಿದ್ದು ಬಂದೂಕು ಮಾಡುವವರ ಊರಿನಲ್ಲಿ. ಅವರ ತಂದೆ ಬೇಟೆ ಬಂದೂಕುಗಳ ಲೋಹದ ಪಟ್ಟಿಯ ಮೇಲೆ ಮೊಲ, ಬಾತುಕೋಳಿ ಕೆತ್ತುತ್ತಿದ್ದರು. ಮಗನನ್ನು ಹದಿನಾಲ್ಕಕ್ಕೆ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಇಪ್ಪತ್ತೆರಡಕ್ಕೆ, ಆ ಊರಿಗೆ ಇಂಗ್ಲಿಷ್ ಕಲಿಸಲು ಬಂದಿದ್ದ ಹುಡುಗಿಯ ಹಿಂದೆ ಅವರು ಲಂಡನ್ನಿಗೆ ಬಂದುಬಿಟ್ಟರು. ಆಕೆಯನ್ನೇ ಮದುವೆಯಾದರು. ದೂರ ದೂರದ ದೇಶಗಳಿಗೆ ನೋಟು, ಅಂಚೆಚೀಟಿ ಅಚ್ಚು ಹಾಕುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವರ ಪಾಲಿಗೆ ಬಂದದ್ದು ಮುಖಗಳು. ತಾವು ಎಂದೂ ಕಾಲಿಡದ ದೇಶಗಳ ಅಧ್ಯಕ್ಷರ ಗಲ್ಲ, ಮೀಸೆ, ಕಣ್ಣಿನ ಕೆಳಗಿನ ಚೀಲ. ಒಂದು ಮುಖಕ್ಕೆ ತಿಂಗಳುಗಟ್ಟಲೆ. ಕೋಟ್ಯಂತರ ಜನರ ಜೇಬಿನಲ್ಲಿ ಅವರ ಗೆರೆಗಳು ಓಡಾಡಿದವು. ಅವರ ಹೆಸರು ಎಲ್ಲೂ ಇರಲಿಲ್ಲ.

ಭಾನುವಾರ ಅವರು ಬಣ್ಣ ಹಚ್ಚುತ್ತಿದ್ದರು. ಶಾಲೆಯ ಪಾಟಿಯಷ್ಟೇ ಅಗಲದ ಹಲಗೆಯ ಮೇಲೆ ಎಣ್ಣೆಬಣ್ಣ. ಅಡುಗೆಮನೆಯ ಕಿಟಕಿಯಿಂದ ಕಾಣುವುದು ಮಾತ್ರ: ಬಟ್ಟೆ ಒಣಗಿಸುವ ತಂತಿ, ಪಕ್ಕದ ಮನೆಯ ಪೇರ್ ಹಣ್ಣಿನ ಮರ, ರೈಲು ಹಳಿಯ ಬೇಲಿ, ಮತ್ತೆ ಮತ್ತೆ ಅವರ ಹೆಂಡತಿಯ ಬೆನ್ನು. ಬಗ್ಗಿದ ಬೆನ್ನು, ಬಟ್ಟೆ ಹರವಲು ಎತ್ತಿದ ತೋಳು, ಕತ್ತಿನ ಹಿಂದಿನ ಬಿಡಿ ಕೂದಲು. ಒಂದರಲ್ಲೂ ಮುಖವಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

‘ವಾರವೆಲ್ಲ ಮುಖ ಕೆತ್ತುತ್ತಿದ್ದೆ. ಭಾನುವಾರ ರಜೆ’ ಎಂದರು.

ಕಂಪ್ಯೂಟರ್ ಬಂದ ಮೇಲೆ ಕಂಪನಿಯವರು ಕೆತ್ತನೆಯ ಬೆಂಚುಗಳನ್ನೇ ತೆಗೆದುಹಾಕಿದರು. ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆ ಗ್ಯಾರೇಜು ಉಳಿಯಿತು.

ಈ ಕಥೆಗಳನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ, ಗಂಡನಿಗೂ. ಮಾಸ್ತರು ನನ್ನವರು ಎಂಬ ಭಾವ ಯಾವಾಗ ಬಂತೋ ತಿಳಿಯದು. ಇನ್ಯಾರಾದರೂ ವಿದ್ಯಾರ್ಥಿಯ ಪಕ್ಕ ಅವರು ಹತ್ತು ನಿಮಿಷ ಹೆಚ್ಚು ನಿಂತರೆ ನನ್ನ ಉಳಿ ಜಾರುತ್ತಿತ್ತು. ಆಗ ಅದನ್ನು ನಾನು ಶ್ರದ್ಧೆ ಎಂದು ತಿಳಿದಿದ್ದೆ.

ನಾಲ್ಕನೇ ವರ್ಷದ ಏಪ್ರಿಲಿನಲ್ಲಿ ಅವ್ವ ಆರು ತಿಂಗಳ ವೀಸಾದ ಮೇಲೆ ಗದಗಿನಿಂದ ಬಂದಳು. ಅಪ್ಪ ತೀರಿಕೊಂಡ ಮೇಲೆ ಅವಳು ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅಪ್ಪನ ಅಂಗಡಿಯನ್ನು ಈಗ ತಮ್ಮ ನಡೆಸುತ್ತಾನೆ. ಸ್ಟೀಲು, ಹಿತ್ತಾಳೆ ಪಾತ್ರೆಗಳ ಅಂಗಡಿ, ನಮ್ಮ ಕಡೆ ಬಾಂಡೆ ಅಂಗಡಿ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಮದುವೆ, ಸೀಮಂತಕ್ಕೆಂದು ಪಾತ್ರೆ ಕೊಂಡವರು ಅದರ ಮೇಲೆ ಯಾರಿಂದ ಯಾರಿಗೆ ಎಂದು ಹೆಸರು ಹಾಕಿಸಿಕೊಂಡು ಹೋಗುತ್ತಿದ್ದರು. ಹಾಕುತ್ತಿದ್ದವಳು ಅವ್ವ. ಅಂಗಡಿಯ ಕಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ, ಸೆರಗು ಸಿಕ್ಕಿಸಿಕೊಂಡು, ತೊಡೆಯ ಮೇಲೆ ಕೊಡವನ್ನೋ ತಾಟನ್ನೋ ಇಟ್ಟುಕೊಂಡು ಟಿಕ್ ಟಿಕ್ ಟಿಕ್ ಎಂದು ಹೊಡೆಯುತ್ತ ಕೂರುತ್ತಿದ್ದಳು. ಮಾಸ್ತರು ಒಮ್ಮೆ ನಿಮ್ಮ ತಾಯಿ ಏನು ಮಾಡುತ್ತಿದ್ದರು ಎಂದು ಕೇಳಿದ್ದಕ್ಕೆ ನಾನು ‘ಮನೆವಾರ್ತೆ’ ಎಂದಿದ್ದೆ.

ಅವಳನ್ನು ಒಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೋಗುವುದು ಸರಿಯಲ್ಲವೆಂದು ಮೊದಲ ಶನಿವಾರವೇ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ಅವಳು ಎಲ್ಲವನ್ನೂ ನೋಡಿದಳು. ನನ್ನ ತಗಡಿನ ಕೆಳಗಿದ್ದ ಚರ್ಮದ ಚೀಲ ಕಂಡು ನಕ್ಕಳು.

‘ಯವ್ವಾ, ಇದು ಸಿಂಬಿ ಅಲ್ಲೇನ? ನಾನೂ ಹಳೀ ಸೀರಿ ಸುತ್ತಿ ಹಿಂಗ ಸಿಂಬಿ ಮಾಡಿ, ಅದರ ಮ್ಯಾಲ ಬಾಂಡೆ ಇಟಗೋತಿದ್ದೆ.’

ಏನು ಹೇಳುತ್ತಿದ್ದಾರೆ ಎಂದು ಮಾಸ್ತರು ಕೇಳಿದರು. ‘ಚೀಲ ಚೆನ್ನಾಗಿದೆ ಅಂತಾರೆ’ ಎಂದೆ.

ನಾನು ಒಳಗೆ ಅವರ ಅಡುಗೆಮನೆಗೆ ಚಹಾ ಮಾಡಲು ಹೋಗಿ ಬರುವಷ್ಟರಲ್ಲಿ ಅವ್ವ ನನ್ನ ಸ್ಟೂಲಿನ ಮೇಲೆ ಕೂತಿದ್ದಳು. ಕೈ ಆಡಿಸಿ ಕೇಳಿದ್ದಳೇನೋ, ಮಾಸ್ತರು ಒಂದು ಸಣ್ಣ ಸುತ್ತಿಗೆ, ಒಂದು ಮೊಂಡು ಉಳಿ ಹುಡುಕಿ ಕೊಟ್ಟಿದ್ದರು. ನಾನು ಕೆಡಿಸಿ ಬಿಸಾಕಿದ್ದ ತಗಡಿನ ಹಿಂಬದಿಯಲ್ಲಿ ಅವಳು ಕೆತ್ತುತ್ತಿದ್ದಳು. ಟಿಕ್ ಟಿಕ್ ಟಿಕ್. ಅವಳ ಉಳಿ ಇದ್ದಲ್ಲೇ ಇತ್ತು. ಎಡಗೈ ತಗಡನ್ನು ಅದರ ಮೊನೆಯ ಕೆಳಗೆ ತಿರುಗಿಸುತ್ತಿತ್ತು. ಮೊದಲು ‘ಶ್ರೀ’ ಬಂತು. ಅದರ ಕೆಳಗೆ ‘ತವರಿನಿಂದ’. ಇಪ್ಪತ್ತು ವರ್ಷ ಬಿಟ್ಟ ಕೈ. ಅಕ್ಷರದ ಒಂದು ಸುತ್ತೂ ಎಲ್ಲೂ ಒಡೆದಿರಲಿಲ್ಲ.

ಮಾಸ್ತರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

‘ಎಷ್ಟು ವರ್ಷ?’ ಎಂದು ನನ್ನನ್ನು ಕೇಳಿದರು.

‘ಅವ್ವಾ, ಎಷ್ಟ ವರ್ಷ ಮಾಡಿದಿ ಅಂತ ಕೇಳಾಕತ್ತಾರ.’

‘ಮದುವಿ ಆದ ಮರುವರ್ಷದಿಂದ ಹಿಡದು ಹೆಸರು ಹಾಕೂ ಆ ಕರೆಂಟಿನ ಪೆನ್ನು ಬರೂತನಕ. ಮೂವತ್ತು ವರ್ಷ ಆಗಿರಬೇಕ ನೋಡು.’

ಹೇಳಿದೆ. ‘ಮನೆವಾರ್ತೆ ಎಂದಿದ್ದಿರಿ’ ಎಂದು ಅವರು ನನ್ನನ್ನೇ ನೋಡಿದರು. ನಾನು ಚಹಾದ ಲೋಟಗಳನ್ನು ಜೋಡಿಸತೊಡಗಿದೆ. ಆಮೇಲೆ ಅವರು ಅವ್ವನ ಕಡೆ ತಿರುಗಿ, ಅವಳಿಗೆ ತಿಳಿಯುವುದಿಲ್ಲವೆಂದು ಗೊತ್ತಿದ್ದೂ ಅವಳಿಗೇ ಹೇಳಿದರು:

‘ಕಂಪನಿಯಲ್ಲಿ ಅಕ್ಷರ ಕೆತ್ತುವವರ ಬೆಂಚು ಬೇರೆ ಇತ್ತು. ಮುಖ ಕೆತ್ತುವ ನಾವು ಅವರನ್ನು ಕೀಳಾಗಿ ಕಾಣುತ್ತಿದ್ದೆವು. ಅದು ನಮ್ಮ ದಡ್ಡತನ. ಮುಖದಲ್ಲಿ ಗೆರೆ ಜಾರಿದರೆ ಸುಕ್ಕು ಅನ್ನಿಸಿ ಪಾರಾಗಬಹುದು. ಅಕ್ಷರದಲ್ಲಿ ಜಾರಿದರೆ ಬಚ್ಚಿಡಲು ಜಾಗವಿಲ್ಲ. ಇಂಥ ಕೈ ನೋಡಿ ನನಗೆ ನಲವತ್ತು ವರ್ಷವಾಯಿತು.’ ನನ್ನ ಕಡೆ ತಿರುಗಿ ‘ಹೇಳಿ ಅವರಿಗೆ’ ಎಂದರು.

ಅವ್ವ ಸುತ್ತಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ‘ಏನಂತಾರ?’

‘ಛಲೋ ಐತಿ ಅಂತಾರ.’

‘ಅಷ್ಟನ? ಭಾಳ ಹೊತ್ತು ಮಾತಾಡಿದ್ರಲ್ಲ.’

‘ಅವರ ಕಂಪನಿ ಕಥಿ ಹೇಳಿದ್ರು.’

ಅದು ಪೂರ್ತಿ ಸುಳ್ಳೂ ಅಲ್ಲ. ಅಷ್ಟರಲ್ಲೇ ನಾನು ಸಮಾಧಾನ ಮಾಡಿಕೊಂಡೆ.

ಮುಂದಿನ ಶನಿವಾರ ಅವರು ಅವ್ವನಿಗಾಗಿ ಒಂದು ಉಳಿಯ ಮರದ ಹಿಡಿಯನ್ನು ಕತ್ತರಿಸಿ ಗಿಡ್ಡ ಮಾಡಿ ಇಟ್ಟಿದ್ದರು. ಅವಳ ಅಂಗೈಗೆ ಆನಿಸಿ ನೋಡಿದರು. ಉಪ್ಪುಕಾಗದದಿಂದ ಉಜ್ಜಿದರು, ಮತ್ತೆ ನೋಡಿದರು, ಮತ್ತೆ ಉಜ್ಜಿದರು. ನನ್ನ ಉಳಿಯ ಹಿಡಿ ಉದ್ದವಾಗಿ ಅಂಗೈಯ ನಡುವೆ ಜಡ್ಡು ಕಟ್ಟಿತ್ತು. ಅದನ್ನು ತೋರಿಸಿದಾಗ ಅವರು ‘ರೂಢಿಯಾಗುತ್ತದೆ’ ಎಂದಿದ್ದರು. ರೂಢಿಯೂ ಆಗಿತ್ತು. ಈಗ ಅದು ಮತ್ತೆ ನೋಯತೊಡಗಿತು.

ನನ್ನಿಂದ ಎಂಟು ತಿಂಗಳು ಗೆರೆ ಎಳೆಸಿದವರು ಅವಳಿಗೆ ಒಂದು ದಿನವೂ ಗೆರೆ ಎಳೆಯಲು ಹೇಳಲಿಲ್ಲ. ಸುತ್ತಿಗೆ ಬಿಟ್ಟು ಅಂಗೈಯಿಂದ ತಳ್ಳುವುದನ್ನು ಅವಳು ಎರಡು ವಾರದಲ್ಲಿ ಕಲಿತಳು. ಅಚ್ಚಿನಲ್ಲಿ ನೆಟ್ಟಗೆ ಬರಬೇಕಾದರೆ ತಗಡಿನ ಮೇಲೆ ಅಕ್ಷರ ತಿರುವುಮುರುವಾಗಿರಬೇಕು ಎಂದು ನಾನು ವಿವರಿಸಿದ್ದಕ್ಕೆ, ತೆಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಕಾಗದವನ್ನು ಮಗುಚಿ ಕಿಟಕಿ ಗಾಜಿಗೆ ಹಿಡಿದು, ‘ಇಷ್ಟ ಅಲ್ಲೇನ’ ಎಂದಳು. ನನಗೆ ಅದು ಹೊಳೆಯಲು ಎಷ್ಟು ದಿನ ಬೇಕಾಗಿತ್ತೆಂದು ನಾನು ಹೇಳಲಿಲ್ಲ.

ಮೇ ತಿಂಗಳಿನಿಂದ ಅವಳು ಮಂಗಳವಾರವೂ ಹೋಗತೊಡಗಿದಳು. ನಾನು ಆಫೀಸಿನಲ್ಲಿರುವ ಹೊತ್ತಿನಲ್ಲಿ, ಒಬ್ಬಳೇ, ನಾಲ್ಕು ಬೀದಿ ನಡೆದು, ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿಕೊಂಡು. ಮಧ್ಯಾಹ್ನ ಪರವಾನಗಿ ಅರ್ಜಿಗಳನ್ನು ನೋಡುತ್ತ ಕೂತಾಗ ನನ್ನ ಕಣ್ಣ ಮುಂದೆ ಆ ಗ್ಯಾರೇಜು ಬರುತ್ತಿತ್ತು. ಸಂಜೆ ಕೇಳುತ್ತಿದ್ದೆ:

‘ಏನ್ ಮಾತಾಡಿದ್ರಿ?’

‘ಏನ್ ಮಾತು? ನಂಗ ಅವರ ಮಾತು ಬರಂಗಿಲ್ಲ, ಅವರಿಗೆ ನಂದು ಬರಂಗಿಲ್ಲ. ಅವರು ಅವರ ಕೆಲಸ ಮಾಡತಾರ, ನಾ ನಂದು ಮಾಡತೀನಿ.’

‘ಎರಡು ತಾಸು ಸುಮ್ಮನ ಕೂತಿದ್ರೇನು?’

‘ಮಂಡಕ್ಕಿ ತಿಂದ್ವಿ.’

ಮಾತಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಅವರೊಂದಿಗೆ ನಾನು ಒಮ್ಮೆಯೂ ಎರಡು ತಾಸು ಸುಮ್ಮನೆ ಕೂತಿರಲಿಲ್ಲ. ಏನಾದರೂ ಕೇಳುತ್ತಲೇ ಇರುತ್ತಿದ್ದೆ, ಇದು ಸರಿಯೇ, ಇದು ಸಾಕೇ ಎಂದು.

ಜೂನಿನಲ್ಲಿ ಅವರ ಅಡುಗೆಮನೆಯ ಮೇಜಿನ ಮೇಲೆ ಅರ್ಧ ಬಣ್ಣ ಹಚ್ಚಿದ ಹಲಗೆಯೊಂದನ್ನು ಕಂಡೆ. ಬಗ್ಗಿ ಕೂತ ಹೆಂಗಸಿನ ಬೆನ್ನು, ಬಿಳಿ ಕೂದಲಿನ ತುರುಬು, ಕಂದು ಸ್ವೆಟರಿನ ಮೇಲೆ ಹೊದ್ದ ಹಸಿರು ಸೆರಗು. ಅದು ನಾನು ಕೊಡಿಸಿದ ಸ್ವೆಟರ್. ಹೆಂಡತಿ ಹೋದ ಮೇಲೆ ಅವರು ಮನುಷ್ಯರನ್ನು ಬರೆದದ್ದನ್ನು ನಾನು ನೋಡಿರಲಿಲ್ಲ. ಹಲಗೆಯನ್ನು ಬೋರಲು ಹಾಕಿಬಿಡಬೇಕೆನಿಸಿತು. ಬಣ್ಣ ಹಸಿಯಿತ್ತು, ಹಾಕಿದರೆ ಅಳಿಸಿಹೋಗುತ್ತಿತ್ತು. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಚಹಾದ ನೀರು ಕುದಿದು ಆರಿತ್ತು.

ಆ ತಿಂಗಳು ಒಂದು ಶನಿವಾರ ಅವ್ವನಿಗೆ ‘ಮಾಸ್ತರಿಗೆ ಆರಾಮಿಲ್ಲ, ಇವತ್ತ ಕ್ಲಾಸಿಲ್ಲ’ ಎಂದು ಹೇಳಿ, ದಿನಸಿ ತರುವ ನೆಪದಲ್ಲಿ ನಾನೊಬ್ಬಳೇ ಹೋದೆ. ಬಹಳ ದಿನಗಳ ಮೇಲೆ ಅವರು ನನಗೊಬ್ಬಳಿಗೇ ಸಿಗುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲಲ್ಲೇ ‘ತಾಯಿ ಎಲ್ಲಿ?’ ಎಂದರು. ತಲೆನೋವು ಎಂದೆ. ಇಡೀ ಬೆಳಿಗ್ಗೆ ಮತ್ತೆ ನಾಲ್ಕು ಸಲ ಕೇಳಿದರು, ಜ್ವರವಿದೆಯೇ, ಡಾಕ್ಟರಿಗೆ ತೋರಿಸಿದಿರೇ ಎಂದು. ಹೊರಡುವಾಗ ಅವಳಿಗೆಂದು ದುಂಡಗೆ ಕತ್ತರಿಸಿ ಅಂಚು ನಯ ಮಾಡಿದ ತಾಮ್ರದ ತಗಡೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಅದನ್ನು ಅಕ್ಕಿಯ ಚೀಲದ ಜೊತೆ ಹೊತ್ತು ತಂದೆ. ಎರಡು ದಿನ ಬೀರುವಿನಲ್ಲಿ ಬಚ್ಚಿಟ್ಟು, ಮೂರನೇ ದಿನ ಕೊಟ್ಟೆ.

ಆ ದುಂಡು ತಗಡಿನ ಮೇಲೆ ಅವ್ವ ಕೆತ್ತಿದ್ದು, ಮೂವತ್ತು ವರ್ಷ ತಾನು ಪಾತ್ರೆಗಳ ಮೇಲೆ ಹಾಕಿದ ಮಾತುಗಳನ್ನು. ಹೆಸರುಗಳನ್ನೆಲ್ಲ ಬಿಟ್ಟಳು. ಉಳಿದದ್ದನ್ನು ತಾಟಿನ ಅಂಚಿಗೆ ಹಾಕುವ ಹಾಗೆ ಸುತ್ತಲೂ ಬರೆದಳು: ಸೋದರಮಾವನಿಂದ, ಹಿರೇಅಕ್ಕನಿಂದ, ದೊಡ್ಡಪ್ಪನ ನೆನಪಿಗಾಗಿ, ಗೆಳತಿಯರಿಂದ, ಅತ್ತಿಗೆಯಿಂದ ಪ್ರೀತಿಯ ಕಾಣಿಕೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ಏಳು ಸುತ್ತು. ನಡುವೆ ಒಂದು ರೂಪಾಯಿಯಷ್ಟಗಲ ಖಾಲಿ. ಆಗಸ್ಟಿನಲ್ಲಿ ಅದರ ಮೊದಲ ಅಚ್ಚು ತೆಗೆದರು. ಮಾಸ್ತರು ಶಾಯಿ ಹಚ್ಚಿ, ಒರೆಸಿ, ಒದ್ದೆ ಕಾಗದ ಹಾಸಿದರು. ಚಕ್ರ ತಿರುಗಿಸಿದವಳು ನಾನು. ಕಾಗದ ಮೇಲೆತ್ತಿದಾಗ ಕರಿಯ ಅಕ್ಷರಗಳು ಬೆರಳಿಗೆ ತಾಗುವಂತೆ ಉಬ್ಬಿ ನಿಂತಿದ್ದವು. ಅಷ್ಟು ಚೆಂದದ ವಸ್ತುವನ್ನು ಆ ಗ್ಯಾರೇಜಿನಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಕಾಗದ ಹರಿದುಹೋಗಿದ್ದರೆ ಚೆನ್ನಾಗಿತ್ತು ಎಂದು ಅದೇ ಕ್ಷಣ ಅನ್ನಿಸಿತು ಎಂಬುದನ್ನೂ ಬರೆಯಬೇಕು.

ಪ್ರತಿ ಸೆಪ್ಟೆಂಬರಿನಲ್ಲಿ ಒಂದು ವಾರಾಂತ್ಯ ಮಾಸ್ತರು ಗ್ಯಾರೇಜಿನ ಬಾಗಿಲೆತ್ತಿ, ಹೋಗಿಬರುವವರಿಗೆಲ್ಲ ತೋರಿಸಲು ಕೆಲಸಗಳನ್ನು ತೂಗುಹಾಕುತ್ತಾರೆ. ಎದುರು ಗೋಡೆ ಅವರದು, ಪಕ್ಕದ ಗೋಡೆ ವಿದ್ಯಾರ್ಥಿಗಳದು. ಇಲ್ಫರ್ಡ್ ಸ್ಟೇಷನ್ನಿನ ಮೆಟ್ಟಿಲು ಹತ್ತುವ ಜನರ ಚಿತ್ರವನ್ನು ನಾನು ಏಳು ತಿಂಗಳಿಂದ ಕೆತ್ತುತ್ತಿದ್ದೆ. ಈ ಸಲ ಅದನ್ನು ಎದುರು ಗೋಡೆಗೆ, ಅವರ ಕೆಲಸದ ಪಕ್ಕ ಹಾಕುತ್ತಾರೆ ಎಂದು ಆಸೆಪಟ್ಟಿದ್ದೆ.

ಅದಕ್ಕೆ ಎರಡು ವಾರವಿದ್ದಾಗ, ಶನಿವಾರ, ಮಾಸ್ತರು ಕಾಲು ಚಾಚಿ ಕೂತಿದ್ದರು. ಅವರ ಮೊಣಕಾಲಿನ ಕೆಳಗೆ ವಾಸಿಯಾಗದ ಹುಣ್ಣೊಂದಿತ್ತು. ಪಟ್ಟಿ ಬದಲಿಸಲು ವಾರಕ್ಕೆರಡು ಸಲ ನರ್ಸ್ ಬರುತ್ತಿದ್ದರು. ಆ ದಿನ ಬಂದವರು ಹೊಸಬರು, ನನ್ನ ವಯಸ್ಸಿನವರು, ಕತ್ತಿನಲ್ಲಿ ಸಣ್ಣ ಶಿಲುಬೆ. ಅವರು ನೆಲದ ಮೇಲೆ ಕೂತು ಪಟ್ಟಿ ಬಿಚ್ಚುತ್ತಿದ್ದರು. ಅವ್ವ ಕೆತ್ತುತ್ತಿದ್ದಳು.

ಮಾಸ್ತರು ಹೇಳಿದರು: ‘ನಿಮ್ಮ ತಾಯಿಗೆ ಹೇಳಿ. ಅವರ ದುಂಡು ತಗಡಿನ ಅಚ್ಚನ್ನು ಎದುರು ಗೋಡೆಯ ನಡುವೆ ಹಾಕುತ್ತೇನೆ. ಆ ಗೋಡೆಯಲ್ಲಿ ನನ್ನವು ಮತ್ತು ಅವರದು ಮಾತ್ರ. ಕೆಳಗೆ ಅವರು ತಮ್ಮ ಸಹಿ ಹಾಕಬೇಕು. ನನ್ನ ಕೆಲಸದ ಮೇಲೆ ಬಹಳ ವರ್ಷ ನನ್ನ ಹೆಸರಿರಲಿಲ್ಲ, ಅವರದರ ಮೇಲೂ ಇರಲಿಲ್ಲ. ಈಗ ಇರಲಿ.’

ನಾನು ಅವ್ವನ ಕಡೆ ತಿರುಗಿದೆ. ದನಿ ಸಹಜವಾಗಿಯೇ ಬಂತು.

‘ಅವ್ವಾ, ನಿಂದು ಛಲೋ ಐತಿ ಅಂತಾರ. ಆದ್ರ ಇಲ್ಲಿ ಮಂದಿಗೆ ಕನ್ನಡ ಓದಾಕ ಬರಂಗಿಲ್ಲಲ್ಲ, ಈ ಸಲ ಬ್ಯಾಡ, ಮುಂದ ನೋಡೂಣು ಅಂತಾರ.’

ಅವ್ವನ ಮುಖ ಇಳಿಯಿತು. ‘ಆಗ್ಲಿ ಬಿಡು’ ಎಂದಳು. ನಾನು ಮಾಸ್ತರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ‘ಅವರಿಗೆ ನಾಚಿಕೆ. ಜನರ ಮುಂದೆ ಹಾಕುವುದು ಬೇಡ ಅಂತಾರೆ’ ಎಂದೆ.

ನೆಲದ ಮೇಲೆ ಕೂತಿದ್ದ ನರ್ಸ್ ತಲೆ ಎತ್ತಿದರು. ಕೈಯಲ್ಲಿ ಪಟ್ಟಿಯ ಸುರುಳಿ ಹಾಗೇ ಇತ್ತು.

‘ಅಮ್ಮಾ, ಅವ್ರು ಹಾಗೆ ಹೇಳಿದ್ದಲ್ಲ’ ಎಂದರು, ಅಚ್ಚ ಕರಾವಳಿಯ ಕನ್ನಡದಲ್ಲಿ. ‘ನೀವು ಮಾಡಿದ್ದನ್ನು ಅವ್ರ ಗೋಡೆಗೇ, ನಡುವಿಗೇ ಹಾಕ್ತಾರಂತೆ. ನಿಮ್ಮ ಸಹಿ ಬೇಕಂತೆ.’ ಆಮೇಲೆ ನನ್ನನ್ನು ನೋಡಿ, ‘ಎಂತದು ಮಾರಾಯ್ರೆ, ಯಾಕೆ ಹಾಗೆ ಹೇಳಿದ್ದು ನೀವು?’

ಅವರು ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಕನ್ನಡ ಮೀಡಿಯಮ್ಮಿನಲ್ಲಿ ಓದಿದವರು ಎಂಬುದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಏನಾಯಿತು ಎಂದು ಮಾಸ್ತರು ಕೇಳಿದಾಗ ಅವರು ಅದನ್ನೂ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು. ಅವ್ವ ಉಳಿಯನ್ನು ಬಟ್ಟೆಯಿಂದ ಒರೆಸಿ, ಡಬ್ಬಿಗೆ ಹಾಕಿ, ಎದ್ದು ನಿಂತಳು.

ಮನೆಗೆ ಹೋಗುವ ದಾರಿಯಲ್ಲಿ ಮೊದಲ ಎರಡು ಬೀದಿ ಅವಳು ನನಗಿಂತ ಮುಂದೆ ಮುಂದೆ ನಡೆದಳು. ಮೂರನೆಯದರಲ್ಲಿ ಒಂದು ಮನೆಯ ಕಾಂಪೌಂಡಿಗೆ ಕೈಯೂರಿ ನಿಂತಳು.

‘ನಿಂಗ ಹೊಟ್ಟಿಕಿಚ್ಚು ಐತೇನ?’

‘ಹೂಂ.’

‘ನನ್ನ ಮ್ಯಾಲ?’

‘ಹೂಂ ಅವ್ವ.’

‘ನಮ್ಮವ್ವ ನನಗಿಂತ ಛಲೋ ರೊಟ್ಟಿ ಬಡೀತಿದ್ಲು. ನಂಗೇನೂ ಅನಸಲಿಲ್ಲ.’

‘ಇದು ರೊಟ್ಟಿ ಅಲ್ಲ.’

‘ಅದನ್ನ ನಾನೂ ಹೇಳೂದು’ ಎಂದಳು. ದನಿ ಏರಿತು. ‘ರೊಟ್ಟಿ ಛಲೋ ಆದ್ರ ನಿಮ್ಮಪ್ಪ ಛಲೋ ಆಗೈತಿ ಅಂತಿದ್ದ. ಇದು ಛಲೋ ಐತಿ ಅಂತ ಮೂವತ್ತು ವರ್ಷದಾಗ ಒಬ್ಬರೂ ಅಂದಿಲ್ಲ. ಹೆಸರು ಸರಿ ಐತೇನ ಅಂತ ಓದಿ ನೋಡಿ ಒಯ್ಯತಿದ್ರು, ಅಷ್ಟ. ಒಬ್ಬಾಂವ ಅಂದ. ಅದನ್ನ ನೀ ನುಂಗಿದಿ.’

ಎದುರಿಗೆ ಬಂದ ತಳ್ಳುಗಾಡಿಯ ತಾಯಿಗೆ ದಾರಿ ಬಿಟ್ಟೆವು. ಅವ್ವ ಮತ್ತೆ ನಡೆಯತೊಡಗಿದಳು.

‘ಶಾಲಿಗೆ ಹೋಗೂವಾಗ ಅಂಗಡಿ ಮುಂದ ಹಾಯ್ತಿದ್ದಿಲ್ಲ ನೀ. ಗೆಳತ್ಯಾರನ್ನ ಕರಕೊಂಡು ಹಿಂದಿನ ಓಣಿ ಹಿಡೀತಿದ್ದಿ. ನಾ ಕಟ್ಟಿ ಮ್ಯಾಲಿಂದ ನೋಡತಿದ್ದೆ. ಅವಾಗ ನಾಚಿಕಿ, ಈಗ ಇದು. ನನ್ನ ಕೆಲಸ ನಿಂಗ ಯಾವಾಗ ಸರಿ ಹೋಗತೈತಿ ಹೇಳು?’

ಮೂರು ದಿನ ಅವಳು ನನ್ನೊಂದಿಗೆ ಮಾತು ಬಿಟ್ಟಳು. ಅಳಿಯನೊಂದಿಗೆ ಮಾತಾಡುತ್ತಿದ್ದಳು, ಊರಿಗೆ ಫೋನು ಮಾಡಿ ತಮ್ಮನೊಂದಿಗೆ ಮಾತಾಡುತ್ತಿದ್ದಳು. ನನ್ನ ತಟ್ಟೆಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಅವ್ವ ಆ ದಿನ ಬಂದಿರಲಿಲ್ಲ, ಮಾಸ್ತರು ಒಬ್ಬರೇ ಇದ್ದರು. ಕ್ಷಮೆ ಕೇಳಿದೆ. ಅವರು ಹೊಸ ತಗಡಿನ ಅಂಚನ್ನು ಅರದಿಂದ ಉಜ್ಜುತ್ತಲೇ ಇದ್ದರು.

‘ಕಂಪನಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬನಿದ್ದ’ ಎಂದರು ಕೊನೆಗೆ. ‘ಕೂದಲು ಕೆತ್ತುವುದರಲ್ಲಿ ನನಗಿಂತ ಮೇಲು. ಅವನು ಕೆತ್ತಿದ ಕೂದಲು ಗಾಳಿಗೆ ಹಾರುತ್ತದೆ ಅನ್ನಿಸುತ್ತಿತ್ತು. ಹನ್ನೊಂದು ವರ್ಷ ನಾನು ಅವನಿಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ.’

‘ಆಮೇಲೆ?’

‘ಆಮೇಲೆ ಅವನು ನಿವೃತ್ತನಾದ.’

ನಾನು ಕಾದೆ. ಕಥೆ ಅಷ್ಟೇ ಇತ್ತು. ‘ಪರವಾಗಿಲ್ಲ ಎಂದು ನಾನು ಹೇಳಲಾರೆ’ ಎಂದರು. ‘ನೀವು ಮಾಡಿದ್ದು ಕೆಟ್ಟದ್ದು. ಶನಿವಾರ ಬನ್ನಿ. ಇಬ್ಬರೂ ಬನ್ನಿ.’

ಅವತ್ತು ಸಂಜೆ ಅವ್ವ ಅಡುಗೆಮನೆಯಲ್ಲಿ ಹೀರೇಕಾಯಿ ಹೆರೆಯುತ್ತಿದ್ದಳು. ನಾನು ಬಂದದ್ದನ್ನು ನೋಡಿ, ಎದುರಿನ ಕುರ್ಚಿಯನ್ನು ಕಾಲಿನಿಂದ ಸರಿಸಿದಳು.

‘ಕುಂದರು. ಮೊದಲನೇ ದಿನ ಅವರು ಏನಂದ್ರು, ಈಗ ಹೇಳು. ಒಂದೂ ಬಿಡದಂಗ ಹೇಳು.’

ಹೇಳಿದೆ. ಅಕ್ಷರದವರ ಬೆಂಚು, ಮುಖದವರ ಸೊಕ್ಕು, ಸುಕ್ಕು, ಬಚ್ಚಿಡಲು ಜಾಗವಿಲ್ಲದ್ದು, ನಲವತ್ತು ವರ್ಷ. ಹೇಳುತ್ತ ನನಗೇ ಬೆರಗಾಯಿತು, ಒಂದು ಪದವನ್ನೂ ನಾನು ಮರೆತಿರಲಿಲ್ಲ. ಅವ್ವನ ಕೈ ನಿಂತಿತ್ತು. ಮುಗಿದ ಮೇಲೆ ‘ಇನ್ನೊಮ್ಮೆ ಹೇಳು’ ಎಂದಳು. ಇನ್ನೊಮ್ಮೆ ಹೇಳಿದೆ. ಮಂಗಳವಾರದ ಆ ಒಂದು ಸಂಜೆ ಅವಳು ನನ್ನಿಂದ ಅದನ್ನು ಮೂರು ಸಲ ಹೇಳಿಸಿದಳು.

ಪ್ರದರ್ಶನದ ದಿನ ಅವಳ ಅಚ್ಚು ಎದುರು ಗೋಡೆಯ ನಡುವೆ ಇತ್ತು. ಕೆಳಗೆ ಪೆನ್ಸಿಲಿನಲ್ಲಿ ಅವಳ ಸಹಿ. ಮಾಸ್ತರು ಕೆತ್ತಿದ ಅಧ್ಯಕ್ಷರ ಮುಖಗಳು ಎಡಕ್ಕೆ, ಬೆನ್ನಿನ ಚಿತ್ರಗಳು ಬಲಕ್ಕೆ. ನನ್ನ ಸ್ಟೇಷನ್ನಿನ ಮೆಟ್ಟಿಲು ಪಕ್ಕದ ಗೋಡೆಯಲ್ಲಿ, ಇತರ ಆರು ಜನರ ನಡುವೆ. ಬಂದವರು ಅವ್ವನ ಮುಂದೆ ನಿಂತು ಏನೇನೋ ಕೇಳಿದರು. ಈ ಲಿಪಿ ಯಾವುದು, ಇಷ್ಟು ದುಂಡಗೆ ಹೇಗೆ ಬರುತ್ತದೆ, ಎಲ್ಲಿ ಕಲಿತಿರಿ. ಎರಡು ದಿನವೂ ಅವಳ ಪಕ್ಕ ನಿಂತು ಎಲ್ಲವನ್ನೂ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಾನೇ ಹೇಳಿದೆ. ಏನನ್ನೂ ಕಳೆಯಲಿಲ್ಲ. ನನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದವರೊಬ್ಬರು ಕೊನೆಗೆ ತಿರುಗಿ ಟಾಯ್ಲೆಟ್ ಎಲ್ಲಿದೆ ಎಂದು ಕೇಳಿದರು.

ಭಾನುವಾರ ಮಧ್ಯಾಹ್ನ ಲಂಡನ್ನಿನ ಇನ್ನೊಂದು ತುದಿಯ ರೇನರ್ಸ್ ಲೇನಿನಿಂದ ಕನ್ನಡದ ದಂಪತಿ ಬಂದರು. ನರ್ಸ್ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದ್ದರಂತೆ. ಹೆಂಗಸು ಅಚ್ಚಿನ ಮುಂದೆ ನಿಂತು, ಕತ್ತು ತಿರುಗಿಸುತ್ತ, ಸುತ್ತು ಹಿಡಿದು ಗಟ್ಟಿಯಾಗಿ ಓದಿದರು. ‘ಹಿರೇಅಕ್ಕನಿಂದ... ಅತ್ತಿಗೆಯಿಂದ ಪ್ರೀತಿಯ ಕಾಣಿಕೆ... ರೀ, ನೋಡ್ರಿ ಇಲ್ಲಿ, ನಮ್ಮನೆ ತಂಬಿಗೆ ಮೇಲೆ ಹಿಂಗೇ ಇದೆಯಲ್ಲ!’ ಅವರ ಗಂಡ ಕನ್ನಡಕ ಮೇಲೇರಿಸಿಕೊಂಡು ನೋಡಿದರು. ಅವ್ವ ನಕ್ಕ ನಗು ಹೇಗಿತ್ತೆಂದರೆ, ಅಪ್ಪ ಇದ್ದಾಗಲೂ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ಅದನ್ನು ಕಂಡು ಸಂತೋಷವಾಯಿತು. ಆ ನಗು ನನ್ನಿಂದ ಬಂದದ್ದಲ್ಲವಲ್ಲ ಎಂದು ಅದರ ಬೆನ್ನಿಗೇ ಉರಿಯಿತು.

ಅಕ್ಟೋಬರಿನಲ್ಲಿ ಅವ್ವ ಊರಿಗೆ ಹೋದಳು. ಸೂಟ್‌ಕೇಸಿನಲ್ಲಿ ಸ್ವೆಟರುಗಳ ನಡುವೆ ಎರಡು ತಗಡು, ಗಿಡ್ಡ ಹಿಡಿಯ ಉಳಿ. ಈಗ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಕೆತ್ತುತ್ತಾಳೆ, ಫೋಟೋ ಕಳಿಸುತ್ತಾಳೆ. ‘ಮಾಸ್ತರಿಗೆ ತೋರಸು’ ಎನ್ನುತ್ತಾಳೆ, ‘ಏನಂತಾರ, ಇದ್ದದ್ದ ಇದ್ದಂಗ ಹೇಳು.’ ತೋರಿಸುತ್ತೇನೆ. ಹೇಳುತ್ತೇನೆ.

ಈ ಚಳಿಗಾಲದಲ್ಲಿ ಮಾಸ್ತರ ಕೈ ನಡುಗತೊಡಗಿ ಅವರು ಕೆತ್ತುವುದನ್ನು ನಿಲ್ಲಿಸಿದರು. ಬಣ್ಣ ಹಚ್ಚುತ್ತಾರೆ. ಶನಿವಾರ ಈಗ ಹೆಚ್ಚಾಗಿ ನಾನೊಬ್ಬಳೇ ಇರುತ್ತೇನೆ. ಹೋದ ತಿಂಗಳು ನನ್ನ ಹೊಸ ತಗಡನ್ನು ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಬಸ್ಸಿಗೆ ಕಾಯುತ್ತಿರುವ ಹೆಂಗಸರ ಚಿತ್ರ. ಕೆಳಗಿನ ಮೂಲೆಯಲ್ಲಿ ಒಬ್ಬಳ ಕೈಚೀಲದ ಮಡಿಕೆಗಳ ಮೇಲೆ ಬೆರಳಿಟ್ಟು, ‘ಇದು ಚೆನ್ನಾಗಿದೆ’ ಎಂದರು. ಪರವಾಗಿಲ್ಲ ಅನ್ನಲಿಲ್ಲ, ಚೆನ್ನಾಗಿದೆ ಎಂದರು. ಎರಡು ಬೆರಳಗಲದ ಜಾಗ.

ಸುಮ್ಮನಿರಬೇಕಿತ್ತು. ಕೇಳಿಬಿಟ್ಟೆ.

‘ಅವ್ವನ ಅಕ್ಷರಗಳಷ್ಟು ಚೆನ್ನಾಗಿದೆಯೇ?’

ಅವರು ಮತ್ತೊಮ್ಮೆ ಭೂತಗನ್ನಡಿ ಹಿಡಿದು ಆ ಮೂಲೆಯನ್ನು ನಿಜವಾಗಿಯೂ ನೋಡಿದರು.

‘ಇಲ್ಲ’ ಎಂದರು.

ನಾನು ತಗಡನ್ನು ತೆಗೆದುಕೊಂಡು, ಬೆಳಕು ಬರುವ ಕಡೆ ಸ್ಟೂಲು ಎಳೆದುಕೊಂಡು, ಎರಡನೇ ಹೆಂಗಸಿನ ಸೆರಗಿನ ಅಂಚನ್ನು ಕೆತ್ತತೊಡಗಿದೆ.